ಹಿಂದಿನದು ಕೇಳಬಾರದು

ನಮ್ಮೂರಲ್ಲಿ ನನ್ನ ಕಥೆ ಹೇಳುವುದಕ್ಕೆ ಎಲ್ಲರ ಬಾಯಲ್ಲೂ ಒಂದೇ ವಾಕ್ಯವಿದೆ: ‘ಹೊಗೆಸೊಪ್ಪಿನ ಬ್ಯಾರನ್ ಹತ್ರ ಸಿಕ್ಕಿದ ಮಗು, ಗೌರಮ್ಮ ದೊಡ್ಡ ಮನಸ್ಸು ಮಾಡಿ ಮನೆಮಗಳಾಗಿ ಮಾಡಿಕೊಂಡರು.’ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ, ಹುಣಸೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಪರಿಚಯ ಮಾಡಿಕೊಡುವಾಗ, ನಾನು ಅಲ್ಲೇ ಇದ್ದರೂ ಇಲ್ಲದವಳ ಹಾಗೆ ಈ ವಾಕ್ಯವನ್ನು ನನ್ನ ತಲೆಯ ಮೇಲಿಂದ ದಾಟಿಸಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ನಾನು ಸಿಕ್ಕಿದವಳಲ್ಲ. ಕಿವಿಯಿಂದ ಬಿದ್ದ ಓಲೆ ಸಿಗುತ್ತದೆ, ತಪ್ಪಿಸಿಕೊಂಡ ಕರು ಸಿಗುತ್ತದೆ. ನಾಲ್ಕು ವರ್ಷದ ಮಗು ಸಿಗುವುದಿಲ್ಲ. ಅದನ್ನು ಯಾರೋ ಸೊಂಟದ ಮೇಲೆ ಹೊತ್ತು ತಂದಿರುತ್ತಾರೆ. ಹಾಗೆ ತಂದವಳು ನನ್ನ ಹೆತ್ತವಳು. ‘ಸಿಕ್ಕಿದ’ ಅಂದ ತಕ್ಷಣ ಅವಳು ಕಥೆಯಿಂದ ಹೊರಗೆ ಹೋಗುತ್ತಾಳೆ, ಎಲ್ಲರಿಗೂ ಸಲೀಸು. ಇನ್ನು ‘ಮನೆಮಗಳು’ ಅನ್ನುವ ಮಾತು. ಅದು ಸುಳ್ಳು ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ನಿಜ ಅಂತ ಸರ್ಕಾರದ ಮುಂದೆ ಹೇಳುವ ಹಾಗೂ ಇಲ್ಲ. ಆ ಕಾರಣಕ್ಕೆ ಇಲ್ಲಿ ಮನೆಯವರ ಹೆಸರುಗಳನ್ನು ಬದಲಿಸಿದ್ದೇನೆ. ನನ್ನ ಹೆಸರನ್ನು ಹೇಳುವುದೇ ಇಲ್ಲ.

ಹೆತ್ತವಳ ವಿಷಯ ನನಗೆ ಗೊತ್ತಿರುವುದಿಷ್ಟೆ. ದೇಶದ ಗಡಿ ದಾಟಿ ಬಂದಳು. ಕೊಡಗಿನ ಕಾಫಿ ತೋಟದಲ್ಲಿ ಒಂದು ಹಂಗಾಮು ಹಣ್ಣು ಬಿಡಿಸಿದಳು. ಅಲ್ಲಿ ಕೆಲಸ ಮುಗಿದ ಮೇಲೆ ಒಬ್ಬ ಮೇಸ್ತ್ರಿಯ ಹಿಂದೆ ಹನಗೋಡಿನ ಕಡೆಗೆ ಹೊಗೆಸೊಪ್ಪಿನ ಕೆಲಸಕ್ಕೆ ಬಂದಳು. ಯಾವೂರು ಅಂತ ಯಾರಾದರೂ ಕೇಳಿದರೆ ಅಸ್ಸಾಂ ಅನ್ನು ಅಂತ ಮೇಸ್ತ್ರಿ ಕಲಿಸಿದ್ದ. ನಮ್ಮ ಕಡೆ ಆ ಮುಖಚಹರೆಯವರೆಲ್ಲ ಅಸ್ಸಾಮಿನವರೇ; ಎರಡನೇ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಬ್ಯಾರನ್ ಅಂದರೆ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಸಾಲಾಗಿ ಇಳಿಬಿಟ್ಟು, ಕೆಳಗೆ ಬೆಂಕಿ ಕೊಟ್ಟು ಬೇಯಿಸುವ ಎತ್ತರದ ಮನೆ. ಅದರ ಗೋಡೆಗೆ ಒತ್ತಿಕೊಂಡಿದ್ದ ಶೆಡ್ಡಿನಲ್ಲಿ ನಾವಿಬ್ಬರೂ ಇದ್ದೆವು. ಆ ವರ್ಷ ಸೊಪ್ಪು ಮುಗಿಯುವ ಮೊದಲೇ ಅವಳಿಗೆ ಜ್ವರ ಹತ್ತಿತು. ಗೌರಮ್ಮ, ಅಂದರೆ ಈಗ ನಾನು ಅವ್ವ ಅನ್ನುವವಳು, ಗಂಜಿ ತೆಗೆದುಕೊಂಡು ಹೋಗಿ ಅವಳ ಹತ್ತಿರ ಕೂತಿರುತ್ತಿದ್ದಳಂತೆ. ಕೊನೆಗೆ ಹುಣಸೂರಿನ ಆಸ್ಪತ್ರೆಗೆ ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಹೋದರು; ಟ್ರಾಕ್ಟರು ಮಾತ್ರ ವಾಪಸು ಬಂತು. ನನಗೆ ಇದ್ಯಾವುದೂ ನೆನಪಿಲ್ಲ. ಒಂದು ಜೋಗುಳದ ಸಾಲೋ ಬೆವರಿನ ವಾಸನೆಯೋ ನೆನಪಿದೆ ಅಂತ ಬರೆದರೆ ಓದುವವರಿಗೆ ಹಿತವಾದೀತು. ಆದರೆ ಇಲ್ಲ. ಇದಿಷ್ಟನ್ನೂ ಹೇಳಿದವರು ಅಪ್ಪಾಜಿ, ಗೌರಮ್ಮನ ಗಂಡ, ತಾವು ಸಾಯುವುದಕ್ಕೆ ಸ್ವಲ್ಪ ಮುಂಚೆ.

ನನ್ನ ನೆನಪು ಶುರುವಾಗುವುದು ಜಗಲಿಯಿಂದ. ಅದು ಶಿವಾಚಾರದವರ ಮನೆ. ಕೊರಳಲ್ಲಿ ಲಿಂಗವಿಲ್ಲದವರು ನಡುಮನೆಯ ತನಕ ಬರಬಹುದು, ಅಡಿಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ನನ್ನ ತಟ್ಟೆ ಕೊಟ್ಟಿಗೆಯ ಮೊಳೆಗೆ ನೇತಾಡುತ್ತಿತ್ತು. ಊಟದ ಹೊತ್ತಿಗೆ ನಾನೇ ತಟ್ಟೆ ತೊಳೆದುಕೊಂಡು ಜಗಲಿಯ ತುದಿಯಲ್ಲಿ ಕೂರಬೇಕು. ಅವ್ವ ಬಗ್ಗದೆ, ನಿಂತ ಎತ್ತರದಿಂದಲೇ ಮುದ್ದೆ ಬಿಡುತ್ತಿದ್ದಳು. ಸಾರು ಮೇಲಿಂದ ಬಿದ್ದು ಮುಖಕ್ಕೆ ಎರಚುತ್ತಿತ್ತು. ಇದನ್ನು ದೂರು ಅಂತ ಹೇಳುತ್ತಿಲ್ಲ. ಆಗ ಅದು ಮಳೆಗೆ ನೆನೆಯುವ ಹಾಗೆ ಸಹಜವಾಗಿತ್ತು. ಆ ಮನೆಯ ಮಗ ಮಹದೇವಣ್ಣ ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಅವನಿಗೆ ಹೊಸ್ತಿಲೇ ಆಟ. ಒಳಗೆ ನಿಂತು ಬೆಲ್ಲದ ಚೂರು ತೋರಿಸುವುದು, ನಾನು ಕೈ ಒಳಗೆ ಚಾಚಿದರೆ ‘ಮೈಲಿಗೆ, ಮೈಲಿಗೆ’ ಅಂತ ಕೂಗುವುದು, ಆಮೇಲೆ ತಾನೇ ಹೊರಗೆ ಬಂದು ಬೆಲ್ಲವನ್ನು ಬಾಯಿಗೆ ತುರುಕುವುದು. ಒಂದು ಮಧ್ಯಾಹ್ನ ಕೊಟ್ಟಿಗೆಯ ನಾಯಿ ನನ್ನ ತಟ್ಟೆಗೆ ಬಾಯಿ ಹಾಕಿತು. ನಾನು ಎಬ್ಬಿಸಲಿಲ್ಲ. ಅದು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ, ಇಬ್ಬರೂ ಮುದ್ದೆ ಮುಗಿಸುತ್ತಿದ್ದೆವು. ಹಿಂದೆ ಪಾತ್ರೆ ಬಿದ್ದ ಸದ್ದಾಯಿತು. ಅವ್ವ ಮೊದಲು ನಾಯಿಗೆ ಬೈದಳು, ಆಮೇಲೆ ಅಪ್ಪಾಜಿಯ ಮೇಲೆ ತಿರುಗಿದಳು.

“ಅಯ್ನೋರ್ನ ಕರೆಸಿ. ಈ ಕೂಸ್ಗೆ ಲಿಂಗ ಕಟ್ಟುಸ್ಬೇಕು.”

“ಯಾರ್ ಕೂಸು ಅಂತ ಕೇಳುದ್ರೆ ಏನಂತೀಯೆ?”

“ನಂದು ಅಂತೀನಿ.”

“ನಂದು ಅಂದ್ಬುಟ್ರೆ ಆಗೋಯ್ತದಾ?”

“ಊರೋರ ನ್ಯಾಯ ಜಗ್ಲಿ ಮ್ಯಾಲೆ ನೀವ್ ಮಾಡ್ಕಳಿ. ಒಲೆ ಮುಂದ್ಲ ನ್ಯಾಯ ನಂದು. ಕರೆಸಿ ಅಂದ್ರೆ ಕರೆಸಿ.”

ಅಯ್ಯನವರು ಕೆ.ಆರ್. ನಗರದ ಕಡೆಯಿಂದ ಬಂದರು. ನನ್ನನ್ನು ಬೆಳಗಾಗುವುದಕ್ಕೆ ಮುಂಚೆ ಎಬ್ಬಿಸಿ ತಲೆಗೆ ನೀರು ಹಾಕಿದ್ದರು, ಹಣೆಗೆ ಬಳಿದ ವಿಭೂತಿ ಒಣಗಿ ಚರ್ಮ ಎಳೆಯುತ್ತಿತ್ತು. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದರು. ಯಾರ ಮಗುವಮ್ಮ ಅಂದರು. ಅವ್ವ ತಲೆ ಎತ್ತದೆ, ನಮ್ದು ಬುದ್ಧಿ, ಅಂದಳು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅಯ್ಯನವರಿಗೆ ಎಲ್ಲ ಅರ್ಥವಾಗಿತ್ತು ಅಂತಲೇ ನನ್ನ ಊಹೆ.

“ಆಯ್ತು. ಇವಳು ಇವತ್ತು ಹುಟ್ಟಿದ್ಲು ಅಂತ ತಿಳ್ಕೊ. ಲಿಂಗ ಕಟ್ಟಿದ ಮೇಲೆ ಹಿಂದಿನದು ಯಾರೂ ಕೇಳ್ಬಾರ್ದು, ನೀನೂ ಹೇಳ್ಬಾರ್ದು. ಹೇಳಿದ್ರೆ ಲಿಂಗಕ್ಕೆ ದ್ರೋಹ ಬಗೆದ ಹಾಗೆ.”

“ಯೋಳಕಿಲ್ಲ ಬುದ್ಧಿ.”

ಆವತ್ತು ಮಧ್ಯಾಹ್ನ ನಾನು ಆ ಹೊಸ್ತಿಲು ದಾಟಿದೆ. ಒಳಗೆ ಕತ್ತಲೆ ಇತ್ತು, ಹುರುಳಿ ಬೇಯುವ ವಾಸನೆ ಇತ್ತು, ಅಟ್ಟದಿಂದ ಮಸಿ ಜೋತಾಡುತ್ತಿತ್ತು. ಅಷ್ಟು ದಿನ ದೊಡ್ಡ ಗುಟ್ಟು ಅಂದುಕೊಂಡಿದ್ದ ಜಾಗ ಬ್ಯಾರನ್ನಿನ ಶೆಡ್ಡಿಗಿಂತ ತುಸು ದೊಡ್ಡದಿತ್ತು, ಅಷ್ಟೆ. ಸಾಲಿನಲ್ಲಿ ಕೂರಿಸಿ ಎಲೆ ಹಾಕಿದರು. ಅವ್ವ ಮೊದಲ ಸಲ ಬಗ್ಗಿ ಬಡಿಸಿದಳು. ನನಗೆ ಗಾಬರಿಯಾಗಿ ಎಲೆ ಎತ್ತಿಕೊಂಡು ಜಗಲಿಗೆ ಓಡಿದೆನಂತೆ. ಮಹದೇವಣ್ಣ ಸೊಂಟಕ್ಕೆ ಕೈ ಹಾಕಿ ಎತ್ತಿ ತಂದು ಕೂರಿಸಿದನಂತೆ. ಅಲ್ಲಿಂದಾಚೆಗೆ ನಾನು ಆ ಮನೆಯವಳು. ಈ ಮಾತಿನಲ್ಲಿ ವ್ಯಂಗ್ಯವಿಲ್ಲ. ಒಂದು ದೇಶ ಮಾಡಲಾಗದ್ದನ್ನು ಒಂದು ಶಿವದಾರ ಒಂದು ಬೆಳಗಿನಲ್ಲಿ ಮಾಡಿ ಮುಗಿಸಿತು. ತಕರಾರು ಏನೆಂದರೆ, ಮನೆಯವರು ಅದನ್ನು ಅಡಿಗೆಮನೆಯ ಹೊಸ್ತಿಲಿಗೆ ನಿಲ್ಲಿಸಲಿಲ್ಲ, ಶಾಲೆಗೂ ತೆಗೆದುಕೊಂಡು ಹೋದರು. ಹೆಡ್‌ಮಾಸ್ತರರ ಮುಂದೆ ಅವ್ವ ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯಿಂದ ಹೊರಗೆಳೆದು ತೋರಿಸಿದಳು. ಅವರ ಕೊರಳಲ್ಲೂ ಒಂದಿತ್ತು. ತಂದೆ, ತಾಯಿ, ಜಾತಿ ಎಲ್ಲ ಸರಾಗವಾಗಿ ಬರೆದುಕೊಂಡು ಹುಟ್ಟಿದ ತಾರೀಕಿಗೆ ಬಂದು ನಿಂತರು.

“ಅಯ್ನೋರು ಬಂದಿದ್ರಲ್ಲ, ಆ ತಾರೀಕೇ ಬರ್ಕಳಿ. ವರ್ಸ ಮಾತ್ರ ಹಿಂದುಕ್ಕೆ ಹಾಕ್ಕಳಿ, ಹಲ್ಲು ನೋಡಿ.”

ಮಾಸ್ತರರು ನಿಜವಾಗಿಯೂ ನನ್ನ ಬಾಯಿ ತೆಗೆಸಿ ಹಲ್ಲು ನೋಡಿದರು. ಹೋರಿ ಕೊಳ್ಳುವವರ ಹಾಗೆ. ನನ್ನ ಆಧಾರು, ಮತದಾರರ ಚೀಟಿ, ಪದವಿ ಎಲ್ಲವೂ ಆ ಹಲ್ಲುಗಳಿಂದ ಮೊಳೆತವು. ಅವ್ವ ಮೋಸ ಮಾಡಲಿಲ್ಲ. ಅವಳ ಮಟ್ಟಿಗೆ ಅಯ್ಯನವರ ಮಾತಿಗಿಂತ ದೊಡ್ಡ ದಾಖಲೆ ಇರಲಿಲ್ಲ. ಕೇಳಬಾರದು ಅಂದದ್ದನ್ನು ಸರ್ಕಾರ ಮಾತ್ರ ಯಾಕೆ ಕೇಳುತ್ತದೆ?

ನಾನು ಮಾತು ಕಲಿತದ್ದು ಅದೇ ಜಗಲಿಯಲ್ಲಿ. ಅಪ್ಪಾಜಿ ಊರಿಗೆ ಯಜಮಾನರು. ಬದುವಿನ ಜಗಳ, ನೀರಿನ ಜಗಳ, ಸೊಸೆ ತವರಿಗೆ ಹೋದ ಜಗಳ, ಎಲ್ಲ ಅವರ ಮುಂದೆ ಬರುತ್ತಿತ್ತು. ಅವರದೊಂದು ಪದ್ಧತಿ ಇತ್ತು. ತನ್ನ ಮಾತು ಹೇಳುವುದಕ್ಕೆ ಮುಂಚೆ ಎದುರಿನವನು ಏನಂದ ಅಂತ ಹೇಳಬೇಕು. ‘ಹೂಂ, ನಾನಂದದ್ದು ಅದೇ’ ಅಂತ ಎದುರಿನವನು ಒಪ್ಪಬೇಕು. ಆಮೇಲೆ ಸ್ವಂತ ವಾದ. ಕೋಪದಲ್ಲಿ ಬಂದವರಿಗೆ ಇದು ಎಂಥ ಹಿಂಸೆ ಅಂತೀರಿ! ಅರ್ಧ ಜನ ಅಲ್ಲೇ ತಣ್ಣಗಾಗುತ್ತಿದ್ದರು, ಇನ್ನರ್ಧ ಜನ ನ್ಯಾಯವೂ ಬೇಡ ನೀವೂ ಬೇಡ ಅಂತ ಎದ್ದು ಹೋಗುತ್ತಿದ್ದರು. ನಾನು ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ, ಊಟದ ಸಾಲಿನಲ್ಲಿ ಅದನ್ನೇ ಮಹದೇವಣ್ಣನ ಮೇಲೆ ಪ್ರಯೋಗಿಸುತ್ತಿದ್ದೆ. ಒಮ್ಮೆ ಹುಣಸೂರಿನ ಸಂತೆಯಲ್ಲಿ ಒಣಮೀನಿನ ಸಾಲು ದಾಟುವಾಗ ನನ್ನ ಕಾಲು ನಿಂತುಬಿಟ್ಟಿತು. ಬಾಯಲ್ಲಿ ನೀರು. ಅವ್ವ ಕೈ ಹಿಡಿದು ಎಳೆದ ರಭಸಕ್ಕೆ ಬಳೆ ಒಡೆಯಿತು. ಸಂಜೆ ಊಟಕ್ಕೆ ಕೂತಾಗ ಮಹದೇವಣ್ಣ ಶುರು ಮಾಡಿದ.

“ನೋಡವ್ವ, ಅಸ್ಸಾಮಿನ ಮೂಗು ಕಣ ಇದು. ಒಣಮೀನ್ ಕಂಡ್ರೆ ಕಾಲ್ಗೆ ಬ್ರೇಕು ಬೀಳ್ತದೆ.”

“ಅಣ್ಣ, ನೀನ್ ಹೇಳಿದ್ದು ಏನು? ಮೀನು ಆಸೆ ಪಡೋರೆಲ್ಲ ಹೊರಗ್ನೋರು ಅಂತ. ಸರಿಯಾ?”

“ಹೂಂ, ಅದೇ.”

“ಅಂಗಾರೆ ಮೀನು ತಿನ್ನೋ ಕೆಳಗಿನ ಬೀದಿಯೋರೆಲ್ಲ ಅಸ್ಸಾಮಿನೋರಾ? ನಿನ್ನ ಫ್ರೆಂಡು ರಾಜಣ್ಣ ಯಾವೂರೋನು?”

ಅಪ್ಪಾಜಿ ನಗು ತಡೆಯಲಾರದೆ ಕೆಮ್ಮಿದರು. ಅವ್ವ ನಗಲಿಲ್ಲ. ಹಿಂದಿನ ಮಾತು ತಮಾಷೆಗೂ ಬರಕೂಡದು ಅಂತ ಮಹದೇವಣ್ಣನ ಎಲೆಯನ್ನು ಅರ್ಧ ಊಟದಲ್ಲೇ ಎತ್ತಿಬಿಟ್ಟಳು. ಆ ವಯಸ್ಸಿಗೆ ನನಗೆ ವಿಷಯ ಅರ್ಧಂಬರ್ಧ ಗೊತ್ತಿತ್ತು. ನಾನು ಹೊರಗಿನವಳು ಅಂತ ಗೊತ್ತಿತ್ತು, ಹೊರಗು ಅಂದರೆ ಎಷ್ಟು ಹೊರಗು ಅಂತ ಗೊತ್ತಿರಲಿಲ್ಲ.

ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯೊಂದರಲ್ಲಿ ವಿಷಯ ಬಂತು: ಅಕ್ರಮವಾಗಿ ದೇಶಕ್ಕೆ ಬಂದವರೆಲ್ಲರನ್ನೂ ವಿನಾಯಿತಿ ಇಲ್ಲದೆ ವಾಪಸು ಕಳಿಸಬೇಕು. ಚೀಟಿ ಎತ್ತಿದಾಗ ನನಗೆ ಪರ ಬಂತು. ಎದುರಿನ ಹುಡುಗ ಒಳ್ಳೆಯ ವಾದಿ. ದೂರದ ದೇಶವೊಂದರಲ್ಲಿ, ಮಕ್ಕಳಾಗಿದ್ದಾಗ ಕರೆತಂದವರನ್ನು ಸದ್ಯಕ್ಕೆ ಹೊರಗೆ ಹಾಕುವುದಿಲ್ಲ ಅನ್ನುವ ರಕ್ಷಣೆ ಇದೆ, ಅವರು ಓದಬಹುದು, ದುಡಿಯಬಹುದು ಅಂದ. ನಾನು ಅಪ್ಪಾಜಿಯ ಪದ್ಧತಿಯಂತೆ ಅವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಸಭೆ ತಲೆದೂಗಿದ ಮೇಲೆ ಮುರಿದೆ. ‘ಅದು ಹಕ್ಕಲ್ಲ, ಮುಂದೂಡಿಕೆ. ಕೊಟ್ಟವರು ಯಾವತ್ತು ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದಾದ ದಯೆಯನ್ನು ಕಾನೂನು ಅನ್ನಬೇಡಿ. ಮಗುವಿನ ಮೇಲೆ ಮರುಕ ನಮಗೆಲ್ಲರಿಗೂ ಇದೆ; ಮರುಕಕ್ಕೆ ಗಡಿ ಗೊತ್ತಿರುವುದಿಲ್ಲ, ದೇಶಕ್ಕೆ ಗೊತ್ತಿರಬೇಕಾಗುತ್ತದೆ.’ ಚಪ್ಪಾಳೆ ಬಿತ್ತು. ಮೊದಲ ಬಹುಮಾನದ ಕಪ್ಪನ್ನು ಮಹದೇವಣ್ಣ ನಡುಮನೆಯಲ್ಲಿ ದೇವರ ಪಟದ ಪಕ್ಕ ಇಟ್ಟ. ಅದರ ನಂತರದ ವರ್ಷವೇ ಅಪ್ಪಾಜಿ ಹಾಸಿಗೆ ಹಿಡಿದು, ಒಂದು ಮಧ್ಯಾಹ್ನ ಅವ್ವ ಹಿತ್ತಿಲಲ್ಲಿದ್ದಾಗ, ನನ್ನನ್ನು ಹತ್ತಿರ ಕರೆದು ಹೇಳಿದ್ದು.

“ನಿನ್ನ ಹೆತ್ತೋಳು ಅಸ್ಸಾಮಿನೋಳಲ್ಲ ಕಣವ್ವ. ಗಡಿ ಆಚೆಯೋಳು. ಪೂರಾ ನಂಗೂ ಗೊತ್ತಿಲ್ಲ. ಜ್ವರದಲ್ಲಿ ನಿಮ್ಮವ್ವನ ಕೈ ಹಿಡ್ಕಂಡು ಎಲ್ಲಾ ಹೇಳಿದ್ಲು, ಅಷ್ಟೊತ್ಗೆ ಒಂಚೂರು ಕನ್ನಡ ಬತ್ತಿತ್ತು. ನಿಮ್ಮವ್ವ ನಂಗೂ ಬಾಯಿ ಬುಡ್ಲಿಲ್ಲ.”

ಆ ಸ್ಪರ್ಧೆಯ ವಾದಕ್ಕೆ ನಾನು ಪಶ್ಚಾತ್ತಾಪ ಪಡಬೇಕು ಅಂತ ಈ ಬರಹ ಮೊದಲು ಓದಿದ ಗೆಳತಿ ಹೇಳಿದಳು. ಯಾಕೆ? ನನಗೆ ನೋವಾಯಿತು ಅಂತ ವಾದ ತಪ್ಪಾಗುವುದಿಲ್ಲ. ಎಷ್ಟೋ ಸಂಜೆ ಕೂತು ನನ್ನ ವಿರುದ್ಧ ನಾನೇ ಮಾತಾಡಿ ನೋಡಿದ್ದೇನೆ. ಅದರಲ್ಲಿ ಬಿರುಕು ಸಿಕ್ಕಿಲ್ಲ.

ಈಗ ನಾನು ಪಿರಿಯಾಪಟ್ಟಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬಸ್ಸಿನಲ್ಲಿ ಬೈಲಕುಪ್ಪೆಯ ಟಿಬೆಟನ್ ಹುಡುಗಿಯರು ಸಿಗುತ್ತಾರೆ. ಅವರ ಚೀಲದಲ್ಲಿ ಕಾಲಕಾಲಕ್ಕೆ ಮುದ್ರೆ ಹಾಕಿಸಿಕೊಳ್ಳುವ ಒಂದು ಪುಸ್ತಕವಿದೆ, ಹೊರಗಿನವರು ಅನ್ನುವುದಕ್ಕೇ ಅವರಿಗೊಂದು ಗುರುತಿದೆ. ಅದನ್ನು ಅವರು ಬೈಯುವುದನ್ನು ಕೇಳುತ್ತಾ ನಾನು ಹೊಟ್ಟೆಕಿಚ್ಚು ಪಡುತ್ತೇನೆ. ಹೀಗಿರುವಾಗ ಮತದಾರರ ಪಟ್ಟಿ ಪರಿಶೀಲನೆ ಅಂತ ನಮ್ಮೂರ ಅಂಗನವಾಡಿ ಟೀಚರ್ ಸರೋಜಕ್ಕ ಮನೆಗೆ ಬಂದಳು. ಊರಿನ ಪ್ರತಿ ಮಗುವಿಗೂ ಪೋಲಿಯೋ ಹನಿ ಹಾಕಿದವಳು.

“ಗೌರಕ್ಕ, ಇವಳು ಹುಟ್ಟಿದ್ದಕ್ಕೆ ಏನಾದ್ರೂ ಬೇಕಂತೆ ಕಣಕ್ಕ. ಎಲ್ಲಾರ್ದೂ ಕೇಳ್ತಾವ್ರೆ.”

“ಮನೇಲೇ ಹುಟ್ಟುದ್ದು ಅಂತ ಬರ್ಕ.”

ಸರೋಜಕ್ಕ ಪೆನ್ನು ತೆರೆಯಲಿಲ್ಲ. ನನ್ನನ್ನು ನೋಡಲೂ ಇಲ್ಲ.

“ಅಕ್ಕ, ಮಹದೇವುಂಗೆ ಹನಿ ಹಾಕುದ್ ಕೈ ಇದು. ಇವಳಿಗೆ ಮೊದಲ್ನೇ ಸಲ ಯಾವ ಶೆಡ್ಡಲ್ ಹಾಕ್ದೆ ಅಂತ್ಲೂ ಗೊತ್ತು. ನಾನ್ ಬರ್ಕಂಡ್ರೂ ಮ್ಯಾಲ್ನೋರು ಇನ್ನೊಂದ್ ಸಲ ನೋಡ್ತಾರೆ. ಆಗ ನನ್ ಕೆಲ್ಸಾನೂ ಹೋಯ್ತದೆ, ನಿಮ್ ಮಾನಾನೂ ಹೋಯ್ತದೆ. ಮುಂದಿನ ವಾರ ಬತ್ತೀನಿ, ಏನಾದ್ರೂ ಹುಡುಕಿಡಿ.”

ಹುಣಸೂರಿನ ಬಸ್ ಸ್ಟ್ಯಾಂಡ್ ಎದುರು ಮಹಡಿಯ ಮೇಲೆ ಒಬ್ಬ ವಕೀಲರಿದ್ದಾರೆ. ಅಪ್ಪಾಜಿಯ ಸ್ನೇಹಿತರು, ನನ್ನನ್ನು ಚಿಕ್ಕಂದಿನಿಂದ ಕಂಡವರು. ನಾನು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ದತ್ತು ಮಾಡಿಸಿದ್ರಾ ಕೋರ್ಟಲ್ಲಿ?”

“ಇಲ್ಲ ಸರ್. ಲಿಂಗ ಕಟ್ಟಿಸಿದ್ರು.”

“ದತ್ತು ಮಾಡಿಸಿದ್ರೂ ಮಗಳಾಗ್ತಿದ್ದೆ, ಈ ದೇಶದೋಳು ಆಗ್ತಿರ್ಲಿಲ್ಲ, ಬುಡು.”

“ನಾಲ್ಕು ವರ್ಷದವಳು ಸರ್ ನಾನು. ನಾನೇನ್ ತೀರ್ಮಾನ ಮಾಡಿ ಬಂದ್ನಾ?”

“ಕಾನೂನಿಗೆ ನೀನು ಬಂದದ್ದು ಕಾಣ್ತದೆ ಕಣಮ್ಮ. ಯಾರು ಎತ್ಕೊಂಡು ಬಂದ್ರು ಅನ್ನೋದು ಕಾಣಲ್ಲ. ಒಂದು ಸಣ್ಣ ಬಾಗ್ಲು ಐತೆ. ಆಚೆಯಿಂದ ಬಂದ ಕೆಲವು ಧರ್ಮದೋರಿಗೆ ಮಾತ್ರ. ನಿಮ್ಮ ತಾಯಿ ಯಾವ ಧರ್ಮ?”

“ಗೊತ್ತಿಲ್ಲ.”

“ಮುಸ್ಲಿಂ ಆಗಿದ್ರೆ ಆ ಬಾಗ್ಲು ನಿಂಗಲ್ಲ. ಹಿಂದೂ ಆಗಿದ್ರೆ ಅರ್ಜಿ ಹಾಕ್ಬೋದು. ಅದಕ್ಕೂ ಅಲ್ಲಿಯೋರು ಅನ್ನೋಕೆ ಅಲ್ಲಿಯದೇ ಒಂದು ಕಾಗದ ತರ್ಬೇಕು.”

“ಅಂದ್ರೆ ನಾನು ಪರದೇಶದವಳು ಅಂತ ಸಾಬೀತು ಮಾಡಿದ್ರೆ ಈ ದೇಶದವಳಾಗಬಹುದು.”

“ಹೂಂ. ಸಾಬೀತು ಮಾಡಿದ ದಿನ ಇಲ್ಲಿವರ್ಗೂ ಮಾಡಿಸ್ಕೊಂಡಿರೋದೆಲ್ಲ ಸುಳ್ಳಾಗ್ತವೆ. ಅದಕ್ಕೆ ಬೇರೆ ಕೇಸು. ನಿನ್ನ ಮೇಲೂ, ಗೌರಮ್ಮನ ಮೇಲೂ.”

“ಸುಮ್ನಿದ್ರೆ?”

“ಸುಮ್ನಿರು. ಇನ್ನೊಂದ್ಸಲ ಯಾರಾದ್ರೂ ಕೇಳೋ ತನಕ.”

ಮೆಟ್ಟಿಲು ಇಳಿಯುವಾಗ ಅವರ ಮಾತಿನಲ್ಲಿ ಎಲ್ಲಿ ಸಂದು ಇದೆ ಅಂತ ಹುಡುಕುತ್ತಿದ್ದೆ, ಅಭ್ಯಾಸಬಲ. ಮಹದೇವಣ್ಣನಿಗೆ ಫೋನು ಮಾಡಿದೆ. ‘ಯಾವನ್ ಬತ್ತಾನೋ ಬರ್ಲಿ ಕಣೆ ಪುಟ್ಟಿ, ನಮ್ಮನೆ ಹೆಣ್ಣು ನೀನು’ ಅಂದ. ಫೋನು ಇಡುವ ಮುಂಚೆ, ‘ಅವ್ವಂಗೆ ಈ ವಯಸ್ಸಲ್ಲಿ ಸ್ಟೇಷನ್ನು ಗೀಷನ್ನು ಅಂತ ಆಗ್ದಂಗೆ ನೋಡ್ಕೊ’ ಅಂದ. ಎರಡೂ ಮಾತು ನಿಜವಾದ ಪ್ರೀತಿಯಿಂದಲೇ ಬಂದವು. ಎರಡನ್ನೂ ಒಟ್ಟಿಗೆ ಉಳಿಸುವ ದಾರಿ ಮಾತ್ರ ಇಲ್ಲ.

ಅವ್ವ ಅಡಿಗೆಮನೆಯಲ್ಲಿ ಕಾಲು ಚಾಚಿಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಬೆರಳ ಸಂದಿಯಲ್ಲಿ ಒತ್ತಿದರೆ ಬೇಳೆ ಟಪ್ಪಂತ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾನು ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡೆ.

“ಅವ್ವ, ವಕೀಲ್ರು ಹೇಳೋ ಅರ್ಜಿಗೆ ಎರಡು ಮಾತು ಬೇಕು. ಹೆತ್ತವಳ ಹೆಸರು, ಅವಳ ಊರು.”

“ಬರ್ಕೊಡು. ಗೌರಮ್ಮ. ಊರು ಇದೇ.”

“ಅವರು ನಂಬಲ್ಲ.”

“ನಂಬ್ದಿದ್ರೆ ಲಿಂಗ ಮುಟ್ಟಿ ಆಣೆ ಮಾಡ್ತೀನಿ.”

“ಸುಳ್ಳು ಆಣೆ ಮಾಡ್ತೀಯಾ ಅವ್ವ?”

“ಯಾವ್ದೇ ಸುಳ್ಳು? ಇವತ್ತು ಹುಟ್ಟುದ್ಲು ಅಂದ್ರು ಅಯ್ನೋರು. ಹುಟ್ದಾಗ ನನ್ ತೊಡೆ ಮ್ಯಾಲೇ ಇದ್ದೆ ನೀನು.”

ಇಷ್ಟು ವರ್ಷ ವೇದಿಕೆಗಳ ಮೇಲೆ ಎಷ್ಟೋ ಜನರನ್ನು ಎದುರಿಸಿದ್ದೇನೆ. ಇಂಥ ಉತ್ತರ ಯಾರೂ ಕೊಟ್ಟಿರಲಿಲ್ಲ. ಅದರೊಳಗೆ ಒಂದು ಕೂದಲೆಳೆ ತೂರಿಸುವಷ್ಟೂ ಜಾಗವಿಲ್ಲ. ಈ ನಾಲ್ಕು ಗೋಡೆ ದಾಟಿದರೆ ಮಾತ್ರ ಅದಕ್ಕೆ ಬೆಲೆಯಿಲ್ಲ. ರಕ್ತ ತೆಗೆದು ನೋಡುತ್ತಾರೆ ಅಂದೆ. ನೋಡಲಿ ಅಂದಳು. ನಿನ್ನ ಮೇಲೆ ಕೇಸು ಹಾಕುತ್ತಾರೆ ಅಂದೆ. ಹಾಕಲಿ, ಮುದುಕಿಗೆ ಏನು ಮಾಡಿಯಾರು ಅಂದಳು. ಕೊನೆಗೆ, ನನಗೊಬ್ಬಳಿಗೆ ಹೇಳು, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಅಂದೆ. ಅವಳು ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ ಇನ್ನೊಂದು ಕಾಳು ತೆಗೆದುಕೊಂಡಳು.

“ಯೋಳುದ್ರೆ ನಿಂಗೆ ಒಳ್ಳೇದಾಯ್ತದೆ ಅಂತ ಇದ್ದಿದ್ರೆ ಅವತ್ತೇ ಯೋಳ್ತಿದ್ದೆ ಕಣೆ ಕೂಸೇ. ನಿನ್ ಹೆತ್ತೋಳೂ ಅದ್ನೇ ಅ‌ಂದ್ಲು. ಯೋಳ್ಬ್ಯಾಡಿ ಅಂದ್ಲು.”

ಈ ಮಾತನ್ನು ನಾನು ತಿರುವಿ ಹಾಕಿ ನೋಡಿದ್ದೇನೆ. ಅವಳ ಹೆಸರು ವಕೀಲರು ಹೇಳಿದ ಬಾಗಿಲು ಮುಚ್ಚುವಂಥ ಧರ್ಮದ್ದು ಅಂತಲೋ? ಅಥವಾ ಜ್ವರದಲ್ಲಿದ್ದ ಹೆಂಗಸು ಮೇಸ್ತ್ರಿಗೆ ಹೆದರಿ, ಪೊಲೀಸರಿಗೆ ಹೆದರಿ ಹೇಳಿದ್ದೋ? ಮೌನವನ್ನು ಸಾಕ್ಷಿ ಅಂತ ಬಳಸಬಾರದು. ಅದು ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುವ ಮೊದಲ ಪಾಠ. ಹಾಗಾಗಿ ನನಗೆ ಏನೂ ಗೊತ್ತಿಲ್ಲ. ಅವ್ವನಿಗೆ ಗೊತ್ತಿದೆ, ಮತ್ತು ಅವಳಿಗೆ ಈಗೀಗ ಮರೆವು ಹೆಚ್ಚಾಗಿದೆ. ಮೊನ್ನೆ ಮಹದೇವಣ್ಣನ ಮಗನನ್ನು ಮಹದೇವ ಅಂತಲೇ ಕರೆದಳು. ಸರೋಜಕ್ಕ ನಾಳೆ ಬರುತ್ತಾಳೆ. ಅವಳಿಗೆ ಕೊಡಲು ಮನೆಯಲ್ಲಿ ಏನೂ ಇಲ್ಲ. ಆವತ್ತು ಅಡಿಗೆಮನೆಯಲ್ಲಿ ನಾನು ಬಟ್ಟಲಿನಿಂದ ಕೈ ತೆಗೆದು, ವಾದ ಮಾಡುವ ದನಿಯಲ್ಲಿ ಅಲ್ಲ, ಚಿಕ್ಕಂದಿನಲ್ಲಿ ಉಪ್ಪು ಕೇಳುತ್ತಿದ್ದ ದನಿಯಲ್ಲಿ ಕೇಳಿದೆ.

“ಅವರು ಬಂದು ನಿಮ್ಮೂರಿಗೆ ಹೋಗು ಅಂದ್ರೆ, ನಾನು ಯಾವೂರಿನ ಬಸ್ಸು ಹತ್ಲಿ ಅವ್ವ?”